ಋತು ಸಿಗದ ಏಳನೆಯವಳು

ಅವರ ಮೂಗಿನ ಎಡಹೊಳ್ಳೆ ಬಲದ್ದಕ್ಕಿಂತ ದೊಡ್ಡದು. ಹುಟ್ಟಿನಿಂದ ಬಂದದ್ದಲ್ಲ, ಸ್ವಯಾರ್ಜಿತ. ಬಲಹೊಳ್ಳೆ ದೇವರಿಗೆ, ಎಡಹೊಳ್ಳೆ ನಶ್ಯಕ್ಕೆ ಎಂದು ಎಂದೋ ಪಾಲು ಮಾಡಿಕೊಂಡಿದ್ದರು. ದೇವರ ಪಾಲು ಸೊರಗಿ ಸಣ್ಣಗಾಗಿತ್ತು; ನಶ್ಯದ ಪಾಲು ವರ್ಷದಿಂದ ವರ್ಷಕ್ಕೆ ಅರಳುತ್ತ ಹೋಗಿ, ಅವರಿಗೆ ಸಿಟ್ಟು ಬರುವ ಮೊದಲು ಅದೊಂದೇ ಹೊಳ್ಳೆ ಉಬ್ಬಿ ನಮಗೆಲ್ಲ ಮುನ್ಸೂಚನೆ ಕೊಡುತ್ತಿತ್ತು. ಘಾಟಿನ ಅಂಬಿಗರ ಕೆಮ್ಮು, ಯಾತ್ರಿಕರಿಗೆ ಸಂಕಲ್ಪ ಹೇಳಿಸುವಾಗ ನಡುನಡುವೆ ಆಕಳಿಸುವ ನಮ್ಮಪ್ಪ, ಕೇದಾರ ಘಾಟಿನ ಇಡ್ಲಿ ಅಂಗಡಿಯವನ ಹಿಂದಿ, ಇಂಟರ್‌ಮೀಡಿಯೆಟ್ ಫೇಲಾದ ಸುದ್ದಿ ಕೇಳಿದಾಗಿನ ನನ್ನದೇ ಮುಖ, ಎಲ್ಲವನ್ನೂ ನಾನು ಮಾಡಿ ತೋರಿಸಬಲ್ಲೆ. ಆ ಹೊಳ್ಳೆ ಮಾತ್ರ ಇವತ್ತಿಗೂ ಒಲಿದಿಲ್ಲ. ನನ್ನವು ಎರಡೂ ಒಟ್ಟಿಗೇ ಉಬ್ಬುತ್ತವೆ, ಎಮ್ಮೆಯ ಹಾಗೆ.

ಅವರು ನಮ್ಮ ಮನೆಯ ಯಜಮಾನಿ. ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ಕೆಳಗೆ ಅವರು, ಮಹಡಿಯಲ್ಲಿ ಬಾಡಿಗೆಗೆ ನಾವು. ಗಂಡನ ಜೊತೆ ಮೈಸೂರು ಕಡೆಯಿಂದ ಕಾಶಿಯಾತ್ರೆಗೆ ಬಂದವರಂತೆ. ಗಂಡ ಇಲ್ಲೇ ತೀರಿಕೊಂಡರು, ಗಂಡನ ದೊಡ್ಡಪ್ಪನ ಈ ಮನೆ ಇವರ ಪಾಲಿಗೆ ಬಂತು, ಹಿಂತಿರುಗಿ ಬಾ ಎಂದು ಊರಿನಿಂದ ಯಾರೂ ಕರೆಯಲಿಲ್ಲ. ಬೋಳುತಲೆಯ ಮೇಲೆ ಕೆಂಪು ಸೆರಗು, ಕೈಯಲ್ಲಿ ಬಿದಿರು ಕೋಲು, ಸೊಂಟದಲ್ಲಿ ನಶ್ಯದ ಡಬ್ಬಿ. ಕನ್ನಡದವರಿಗೆಲ್ಲ ಅಜ್ಜಿ, ಹಿಂದಿಯವರಿಗೆ ಮಾತಾಜಿ, ನನಗೆ ವೈರಿ.

ವೈರ ಶುರುವಾದದ್ದು ಯಾವಾಗ ಎಂದರೆ ನನಗೆ ಮಾತು ಬಂದಾಗ ಎನ್ನಬೇಕು. ನನ್ನ ಮೊದಲ ತೊದಲು ಮಾತೇ ಅವರ ಬೈಗುಳದ ಅಣಕವಾಗಿತ್ತೆಂದು ಅಮ್ಮ ಹೇಳುತ್ತಾಳೆ. ಅಮ್ಮನಿಗೂ ಅವರನ್ನು ಕಂಡರಾಗುತ್ತಿರಲಿಲ್ಲವಾದ್ದರಿಂದ ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತಿತ್ತು. ದೊಡ್ಡವನಾದ ಮೇಲೆ ನಾನು ಮಹಡಿಯ ಕಿಟಕಿಯಿಂದ ಅವರ ಧ್ವನಿಯಲ್ಲೇ 'ಆಜ್ ದೂಧ್ ನಹೀ ಚಾಹಿಯೇ, ಜಾವ್' ಎಂದು ಕೂಗಿ ಹಾಲಿನವನನ್ನು ವಾಪಸು ಕಳಿಸುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಅವರು ನಾನು ಸ್ನಾನ ಮುಗಿಸಿ, ಮಡಿ ಉಟ್ಟು ಮೆಟ್ಟಿಲು ಹತ್ತುವ ಹೊತ್ತಿಗೇ ಸರಿಯಾಗಿ ಅಂಗಳಕ್ಕೆ ಸಗಣಿನೀರು ಎರಚುತ್ತಿದ್ದರು.

"ಅಯ್ಯೋ, ನೀನಿದ್ಯಾ? ನಾಯಿ ಅಂದ್ಕೊಂಡೆ. ನಾಯಿಗೆ ಬೇಸರ ಮಾಡ್ಕೋಬೇಡ ಅಂತ ಹೇಳು."

ಇಂಥವರ ಬಳಿ ಕಥೆ ಕೇಳಲು ಗಲ್ಲಿಯ ಮಕ್ಕಳು ಮುಗಿಬೀಳುತ್ತಿದ್ದರು ಎಂದರೆ ಯಾರೂ ನಂಬುವುದಿಲ್ಲ. ಚಳಿಗಾಲದ ಸಂಜೆ ದೀಪ ಹಚ್ಚಿದ ಮೇಲೆ ಅವರ ಅಂಗಳದಲ್ಲಿ ಬೋರ್ಸಿಯ, ಅಂದರೆ ಕೆಂಡ ತುಂಬಿದ ಮಣ್ಣಿನ ಗಡಿಗೆಯ, ಸುತ್ತ ಎಲ್ಲರೂ ಕೂರಬೇಕು. ನಾನೂ ಕೂರುತ್ತಿದ್ದೆ, ಕದಿಯಲು. ಕಥೆಗಳೆಲ್ಲ ಅಕ್ಕದೇವತೆಗಳವು. ಊರಿನ ಕೆರೆಯಲ್ಲಿ ಇದ್ದ ಆ ಏಳು ಜನ ಅಕ್ಕತಂಗಿಯರು ಇಲ್ಲಿ ಗಂಗೆಯಲ್ಲೂ ಇದ್ದಾರೆ, ಈ ಕಡೆಯ ಜನ ಅವರನ್ನೇ ಸಾತೋ ಬಹಿನಿ ಎನ್ನುತ್ತಾರೆ ಎಂದು ಅಜ್ಜಿ ತಾವೇ ತೀರ್ಮಾನಿಸಿಬಿಟ್ಟಿದ್ದರು. ಹಿಂದಿ ಮಾತಾಡಿಕೊಂಡು ಬೆಳೆದ ಮಕ್ಕಳು ನಡುವೆ "ಪರೀ ಹೈ ಕ್ಯಾ ಅಜ್ಜಿ?" ಎಂದರೆ ಕೋಲು ಎತ್ತುತ್ತಿದ್ದರು. "ಪರೀನೂ ಇಲ್ಲ ಗಿರೀನೂ ಇಲ್ಲ. ರೆಕ್ಕೆ ಕಟ್ಕೊಂಡು ಮಿಠಾಯಿ ಹಂಚೋಕೆ ಅವರೇನು ನಿಮ್ಮ ಚಿಕ್ಕಮ್ಮಂದಿರಾ? ಕೆನ್ನೆಗೆ ಹೊಡೆದ್ರೆ ಹಲ್ಲು ರಾಮನಗರದಲ್ಲಿ ಬೀಳತ್ತೆ." ರಾಮನಗರ ಹೊಳೆಯ ಆಚೆ ದಡ.

ಅವರ ಲೆಕ್ಕದಲ್ಲಿ ವರ್ಷವನ್ನು ನಡೆಸುವವರು ಆ ಅಕ್ಕತಂಗಿಯರೇ. ಮಳೆಗಾಲದವಳು ಗಂಗೆಯನ್ನು ಸೊಂಟಕ್ಕೆ ಸುತ್ತಿಕೊಂಡು ಘಾಟಿನ ಮೆಟ್ಟಿಲು ಹತ್ತಿ ಬರುತ್ತಾಳೆ. ನೀರಿಳಿದ ಮೇಲೆ ಬರುವ ಶರತ್ತಿನವಳಿಗೆ ಮೆಟ್ಟಿಲ ಮೇಲಿನ ಕೆಸರು ಬಳಿಯುವುದೇ ಕೆಲಸ, ಅದಕ್ಕೆ ಅವಳ ಮುಖ ಸದಾ ಗಂಟು. ಹೇಮಂತದವಳು ಮಂಜು ನೇಯುತ್ತಾಳೆ. ಬೇಸಗೆಯವಳು ಬೇವಿನ ಮರದಲ್ಲಿ ಜ್ವರ ಬಂದವಳಂತೆ ಮಲಗಿರುತ್ತಾಳೆ, ಎಬ್ಬಿಸಬಾರದು. ಹೀಗೆ ಆರು ಋತು, ಆರು ಜನ. ಏಳನೆಯವಳು ಕಿರಿಯಳು, ಹಂಚಿಕೆಯ ಹೊತ್ತಿನಲ್ಲಿ ಹೂ ಕೊಯ್ಯಲು ಹೋಗಿದ್ದಳಂತೆ. ಬರುವಷ್ಟರಲ್ಲಿ ಅಕ್ಕಂದಿರು ಇರುವುದನ್ನೆಲ್ಲ ಹಂಚಿಕೊಂಡಿದ್ದರು. ಅವಳಿಗೆ ಋತುವೇ ಇಲ್ಲ. ಅದಕ್ಕೆ ಒಂದು ಋತು ಹೋಗಿ ಇನ್ನೊಂದು ಬರುವ ಸಂದಿನಲ್ಲಿ, ಅಕ್ಕಂದಿರು ಮನೆ ಬದಲಾಯಿಸುವಾಗ, ಅವಳು ಸಿಟ್ಟಿನಿಂದ ಓಡಾಡುತ್ತಾಳೆ. ದಾರಿಯಲ್ಲಿ ಸಿಕ್ಕವರನ್ನು ಹಿಡಿದು ತನ್ನ ಬಳಿಯೇ ಇಟ್ಟುಕೊಳ್ಳುತ್ತಾಳೆ.

ಏಳನೆಯವಳ ಸಿಟ್ಟನ್ನು ಹೇಳುವಾಗ ಅಜ್ಜಿ ಏನನ್ನೂ ನಟಿಸಬೇಕಾಗಿರಲಿಲ್ಲ. ಹೊಳ್ಳೆ ತಾನಾಗಿ ಉಬ್ಬುತ್ತಿತ್ತು.

ಕಥೆಗೆ ಒಂದು ಕಟ್ಟುನಿಟ್ಟು ಇತ್ತು. ದೀಪ ಹಚ್ಚುವ ಮೊದಲು ಹೇಳಬಾರದು. ಹಗಲಿನಲ್ಲಿ ಕಥೆ ಹೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ. ಇದು ನಮ್ಮ ಕಡೆಯ ಮಾತಲ್ಲ, ಕಾಶಿಯ ಹೆಂಗಸರಿಂದ ಕಲಿತದ್ದು. ಆದರೆ ಕಲಿತ ಮೇಲೆ ಅಜ್ಜಿ ಅದನ್ನು ವೇದದ ಪಕ್ಕದಲ್ಲೇ ಇಟ್ಟಿದ್ದರು.

ಒಂದು ವರ್ಷ ಚಳಿಗಾಲದಲ್ಲಿ ನಮ್ಮಕ್ಕನ ಮದುವೆ ಗೊತ್ತಾಗಿತ್ತು. ವರ ಮೈಸೂರಿನವನು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಕೆಲಸ. ಮಾಘಮಾಸದಲ್ಲಿ ಲಗ್ನ. ನಮ್ಮಲ್ಲಿ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ, ತವರಿನ ತಾಳಿ ತರುವವನೂ ಅವನೇ. ಅಮ್ಮನಿಗೆ ಇದ್ದವನು ಒಬ್ಬನೇ ಅಣ್ಣ. ಮುದುಕ, ಕಣ್ಣಿಗೆ ಪೊರೆ, ಕನ್ನಡ ಬಿಟ್ಟು ಇನ್ನೊಂದು ಭಾಷೆಯ ಒಂದಕ್ಷರ ಬಾರದು. ಜೊತೆಗೆ ಬರಬೇಕಾಗಿದ್ದವನು ಜ್ವರ ಬಂದು ಮಲಗಿದನೆಂದು ಮಾವ ಒಬ್ಬರೇ ರೈಲು ಹತ್ತಿದ್ದರು.

ಅವರು ಬರುವ ಹಿಂದಿನ ದಿನ ಬೆಳಿಗ್ಗೆ ಮಂಜು ಸ್ವಲ್ಪ ಹರಿದು ಘಾಟಿನ ಮೇಲೆ ಎಳೆಬಿಸಿಲು ಬಿದ್ದಿತ್ತು. ಗೆಳೆಯರು, ಅಂಬಿಗರು, ಮೈ ಕಾಯಿಸುತ್ತ ಕೂತ ಒಂದಿಷ್ಟು ಯಾತ್ರಿಕರು. ಇಷ್ಟು ಜನ ಕೂತಿರುವುದನ್ನು ಕಂಡರೆ ನನ್ನ ನಾಲಿಗೆಗೆ ತುರಿಕೆ. ಟವೆಲನ್ನು ತಲೆಗೆ ಸೆರಗಿನಂತೆ ಹೊದ್ದು, ಹುಟ್ಟುಗೋಲನ್ನು ಊರಿಕೊಂಡು, ಏಳನೆಯವಳ ಕಥೆಯನ್ನು ಅಜ್ಜಿಯ ಧ್ವನಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಶ್ಯ ಏರಿಸಿದೆ, ಸೀನಿದೆ, ಸೀನಿನ ನಡುವೆ ಹಾಲಿನವನನ್ನು ಬೈದೆ. ಜನ ಬಿದ್ದು ಬಿದ್ದು ನಕ್ಕರು. ನಗು ಇದ್ದಕ್ಕಿದ್ದಂತೆ ನಿಂತಾಗ ನನ್ನ ಅಭಿನಯಕ್ಕೆ ಮರುಳಾದರು ಅಂದುಕೊಂಡೆ. ಬೆನ್ನಿಗೆ ಕೋಲು ಬಿತ್ತು.

"ಹಗಲಲ್ಲಿ! ಸೂರ್ಯ ನೆತ್ತಿ ಮೇಲೆ ಬರ್ತಿದಾನೆ, ಋತು ಮಗ್ಗುಲಾಗೋ ದಿನ, ಹೊಳೆ ದಡದಲ್ಲಿ ಕೂತು ಅವಳ ಕಥೆ ಹೇಳ್ತಿಯಾ ಕಪಿಮುಂಡೇದೆ! ನನ್ನ ಅಣಕಿಸು, ನಾನು ಸಾಯೋಳು. ಅವಳನ್ನ ಅಣಕಿಸ್ತಿಯಾ?"

"ಅಜ್ಜಿ, ಅವಳು ಕನ್ನಡದಲ್ಲಿ ಮಾತಾಡ್ತಾಳೋ ಹಿಂದಿಯಲ್ಲೋ? ಹೇಳಿ, ಅದನ್ನೂ ಕಲ್ತ್ಕೋತೀನಿ."

"ನಿನ್ನ ಸೋದರಮಾವ ನಾಳೆ ಬರ್ತಾನಲ್ಲ, ಆಗ ಕೇಳ್ಕೋ."

ಮರುದಿನ ಮಂಜು ಬಿದ್ದದ್ದು ನೋಡಬೇಕು. ಮಹಡಿಯಿಂದ ಕೆಳಗಿನ ಅಂಗಳ ಕಾಣದು. ಅಪ್ಪನೂ ನಾನೂ ಕ್ಯಾಂಟ್ ಸ್ಟೇಷನ್ನಿನಲ್ಲಿ ಕಾದೆವು. ಬೆಳಿಗ್ಗೆ ಬರಬೇಕಾದ ಗಾಡಿ ಮಧ್ಯಾಹ್ನ ಬಂತು. ಎಲ್ಲರೂ ಇಳಿದರು, ಮಾವ ಇಳಿಯಲಿಲ್ಲ. ಮಾವನ ಬೋಗಿಯಲ್ಲೇ ಬಂದ ಒಬ್ಬ ಯಾತ್ರಿಕ ಹೇಳಿದ: "ಮದ್ರಾಸಿ ಬಾಬಾ ತಾನೆ? ಸೇತುವೆ ದಾಟಿದ ಕೂಡಲೇ ಗಾಡಿ ನಿಂತಿತು. 'ಕಾಶಿ ಆ ಗಯಾ', ಕಾಶಿ ಬಂತು, ಅಂತ ಯಾರೋ ಅಂದರು. ಕೈ ಮುಗಿದು ಇಳಿದೇಬಿಟ್ಟರು."

ಕಾಶಿ ಎನ್ನುವುದು ಹಿಂದಿನ ಸ್ಟೇಷನ್ನು, ಊರಿನ ಇನ್ನೊಂದು ತುದಿ. ಕಾಶಿಗೆಂದು ಹೊರಟ ಮನುಷ್ಯ ಕಾಶಿ ಎಂದರೆ ಇಳಿಯದೆ ಇನ್ನೇನು ಮಾಡುತ್ತಾನೆ?

ಅಲ್ಲಿಗೆ ಓಡಿದೆವು. ಒಬ್ಬ ರಿಕ್ಷಾದವನಿಗೆ ನೆನಪಿತ್ತು. ಆ ಬಾಬಾ ಬರೀ 'ಗಂಗಾ, ಹನುಮಂತ' ಎನ್ನುತ್ತಿದ್ದರಂತೆ. ರಾಜಘಾಟಿನ ಬಳಿ ಹೊಳೆ ಪಕ್ಕದ ಹನುಮಂತನ ಗುಡಿಯಲ್ಲಿ ಇಳಿಸಿದನಂತೆ. ಆ ಗುಡಿಯ ಪೂಜಾರಿಯನ್ನು ಕೇಳಿದರೆ, ಬಾಬಾ ಇದಲ್ಲ ಇದಲ್ಲ ಎಂದು ತಲೆಯಾಡಿಸಿದ್ದರಿಂದ ಮುಂದಿನ ಘಾಟಿನ ಹನುಮಂತನನ್ನು ತೋರಿಸಿ ಕಳಿಸಿದೆ ಎಂದ. ಕಾಶಿಯಲ್ಲಿ ಹನುಮಂತನಿಲ್ಲದ ತಿರುವು ಯಾವುದಿದೆ? ಕಣ್ಣು ಕಾಣದ ಮುದುಕನನ್ನು ಒಬ್ಬ ಹನುಮಂತನಿಂದ ಇನ್ನೊಬ್ಬ ಹನುಮಂತನಿಗೆ ಜನ ಭಕ್ತಿಯಿಂದ ಸಾಗಹಾಕುತ್ತಿದ್ದರು, ಒದ್ದೆ ಮೆಟ್ಟಿಲುಗಳ ಮೇಲೆ, ಆ ಮಂಜಿನಲ್ಲಿ, ಪಕ್ಕದಲ್ಲೇ ಆಳದ ನೀರು.

"ನಾನು ಈ ತುದಿಯಿಂದ ಹುಡುಕ್ತಾ ಬರ್ತೀನಿ, ನೀನು ಮನೆಗೆ ಹೋಗಿ ನೋಡು" ಎಂದರು ಅಪ್ಪ.

ಮಾವ ಮನೆಗೆ ಬಂದಿರಲಿಲ್ಲ. ಸುದ್ದಿ ಹೇಳಿದ್ದೇ ಅಮ್ಮ ಮೆಟ್ಟಿಲ ಮೇಲೆ ಕುಸಿದಳು. "ನಿನ್ನ ಬಾಯಿಚಪಲಕ್ಕೆ ನನ್ನಣ್ಣನೇ ಬೇಕಾಗಿದ್ನೇನೋ?" ಎಂದಳು. ಅಕ್ಕ ಅರಿಸಿನ ಕುಟ್ಟುವ ಒನಕೆ ಬದಿಗಿಟ್ಟು ಒಳಗೆ ಹೋದಳು. ಕೆಳಗಿನ ಬಾಗಿಲು ತೆರೆಯಿತು. ಈಗ ಬರುತ್ತದೆ 'ನಾನು ಹೇಳಿರಲಿಲ್ವಾ' ಎಂದು ಕಾದೆ. ಬಂತು.

"ನಾನು ಹೇಳಿರಲಿಲ್ವಾ?" ಅಜ್ಜಿ ಎಡಹೊಳ್ಳೆಗೆ ನಶ್ಯ ಏರಿಸಿಕೊಂಡು ಶಾಲು ಹೊದ್ದರು. "ನಡಿ."

"ಎಲ್ಲಿಗೆ?"

"ನಿನ್ನ ಶ್ರಾದ್ಧಕ್ಕೆ. ನಡಿ ಅಂದ್ರೆ ನಡಿ."

ಘಾಟಿಗೆ ಇಳಿದದ್ದೇ ನಾನು ಬಾಯಿಗೆ ಕೈ ಅಡ್ಡ ಹಿಡಿದು ಮಾವನ ಹೆಸರು ಕೂಗಹೊರಟೆ. ಕೋಲು ನನ್ನ ಮೊಣಕಾಲಿಗೆ ಬಿತ್ತು.

"ಹೆಸರು ಹಿಡಿದು ಕೂಗ್ಬೇಡ! ಇದು ಮಂಜಲ್ಲ, ಮನೆ ಬದಲಾಯಿಸೋ ಹೆಂಗಸರು ಕಟ್ಟಿರೋ ಪರದೆ. ಹೆಸರು ಕೇಳಿದ್ರೆ ಕಿರಿಯಳು ಕಲ್ತ್ಕೋತಾಳೆ. ಆಮೇಲೆ ನೀರಿನ ಕಡೆಯಿಂದ ಅದೇ ಹೆಸರು ಕರೀತಾಳೆ, ಅವನು ಅಲ್ಲಿಗೆ ಹೋಗ್ತಾನೆ."

"ಮತ್ತೆ ಹೇಗೆ ಕರೆಯೋದು?"

"ಬೈಬೇಕು. ಬೈಗುಳಕ್ಕೆ ಆ ಅಕ್ಕತಂಗೀರು ದೂರ ಸರೀತಾರೆ. ತಾಯಿನುಡಿ ಬೈಗುಳ ಎಲ್ಲಿದ್ರೂ ಕಿವಿಗೆ ಬೀಳತ್ತೆ."

"ಮಾವನ್ನ ಬೈಯೋದಾ?"

"ಅವನ್ಯಾಕೆ? ನೀನಿದ್ದೀಯಲ್ಲ."

ಶುರು ಮಾಡಿದರು. ನಾನು ಹುಟ್ಟಿದ ಘಳಿಗೆಯಿಂದ ಹಿಡಿದು. "ಎಲಾ ಮಂಗನ ಮುಸುಡಿಯವನೇ! ನಿನ್ನ ನಾಲಿಗೆಗೆ ಬರೆ ಹಾಕ! ಅನ್ನ ತಿಂದು ಅಣಕ ಕಾರೋನೇ! ಪರೀಕ್ಷೆಯಲ್ಲಿ ಸೊನ್ನೆ, ಪಡಸಾಲೆಯಲ್ಲಿ ಶನಿ!" ಆ ಧ್ವನಿ ಮಂಜನ್ನು ಸೀಳಿಕೊಂಡು ಹೋಗುತ್ತಿತ್ತು. ಹಿಂದೆ ಮುಂದೆ ಏನೂ ಕಾಣದು, ಅವರ ಬೈಗುಳವನ್ನೇ ಹಿಡಿದುಕೊಂಡು ನಡೆದೆ. ಹರಿಶ್ಚಂದ್ರ ಘಾಟಿನಲ್ಲಿ ಚಿತೆಯ ಬೆಂಕಿ ಮಬ್ಬಾಗಿ ಕೆಂಪಗೆ ಕಂಡಿತು. ಅಲ್ಲಾದರೂ ಧ್ವನಿ ತಗ್ಗಿಸುತ್ತಾರೆಂದುಕೊಂಡೆ. "ಹೆಣಗಳೂ ನಾಚ್ಕೋತವೆ ನಿನ್ನ ನೋಡಿ!" ಎಂದರು. ಚಹಾದವನೊಬ್ಬ ಓಡಿ ಬಂದು ನನ್ನ ರಟ್ಟೆ ಹಿಡಿದ: "ಕಾ ಭಯಲ್ ಮಾತಾಜೀ? ಏನಾಯ್ತು, ಕಳ್ಳನಾ ಇವನು?" ಅಜ್ಜಿ ಅಲ್ಲವೆನ್ನಲು ಒಂದಿಷ್ಟು ಹೊತ್ತು ತೆಗೆದುಕೊಂಡರು.

ಕೇದಾರ ಘಾಟು ದಾಟಿದ ಮೇಲೆ ಅವರ ಧ್ವನಿ ಒಡೆಯಿತು. ಕೆಮ್ಮಿದರು, ಮತ್ತೆ ಬಾಯಿ ತೆರೆದರು. ಬರೀ ಗಾಳಿ ಬಂತು. ಮೆಟ್ಟಿಲ ಮೇಲೆ ಕೂತು ಗಂಟಲು ಹಿಸುಕಿಕೊಂಡರು. ಬೆಳಕು ಇಳಿಯುತ್ತಿತ್ತು. ಅವರು ನನ್ನ ಅಂಗಿ ಹಿಡಿದು ಬಗ್ಗಿಸಿ ಕಿವಿಯಲ್ಲಿ ಉಸುರಿದರು:

"ಇಷ್ಟು ವರ್ಷ ಕದ್ದಿದ್ದೀಯಲ್ಲ. ಈಗ ತೆಗಿ."

ತೆಗೆದೆ. "ಎಲಾ ಮಂಗನ ಮುಸುಡಿಯವನೇ!" ಎಂದು ಅವರ ಧ್ವನಿಯಲ್ಲಿ ನನ್ನನ್ನೇ ಬೈದುಕೊಂಡೆ. ಅಜ್ಜಿ ಮುಖ ಕಿವಿಚಿ ಕೋಲಿನಿಂದ ತಿವಿದರು. "ಥೂ. ನಾನು ಅಷ್ಟು ಮೆತ್ತಗೆ ಬೈತೀನಾ? ಹೊಟ್ಟೆಯಿಂದ." ಹೊಟ್ಟೆಯಿಂದ ಬೈದೆ. ತಿವಿದರು. "ಇನ್ನೂ ಕೆಟ್ಟದಾಗಿ." ಅವರ ಬೈಗುಳಗಳೆಲ್ಲ ಮುಗಿದವು. ನನ್ನವನ್ನು ಸೇರಿಸಿದೆ, ಈ ವಿಷಯದಲ್ಲಿ ಅವರಿಗಿಂತ ನನಗೆ ಹೆಚ್ಚು ಗೊತ್ತಿತ್ತು. ಜೀವಮಾನದಲ್ಲಿ ಅವರನ್ನು ಅಷ್ಟು ಚೆನ್ನಾಗಿ ನಾನು ಮಾಡಿರಲಿಲ್ಲ, ಮತ್ತು ನೋಡಿ ನಗುವವರು ಒಬ್ಬರೂ ಇರಲಿಲ್ಲ. ನಾನು ಮುಂದೆ ಕೂಗುತ್ತ, ಅವರು ಹಿಂದೆ ತಿವಿಯುತ್ತ, ಚೌಸಟ್ಟಿ ಘಾಟಿನವರೆಗೂ ಬಂದೆವು. ಅರವತ್ತನಾಲ್ಕು ಯೋಗಿನಿಯರ ಘಾಟು ಅದು. ಏಳು ಜನರೇ ಇಷ್ಟು ಆಟ ಆಡಿಸಿರುವಾಗ ಇನ್ನು ಇಲ್ಲಿ ಗತಿಯೇನು ಎಂದುಕೊಳ್ಳುತ್ತ, ಉಸಿರೆಳೆದು "ನಿನ್ನಂಥೋನ್ನ ಹೆತ್ತವಳಿಗೆ ಬುದ್ಧಿ ಇಲ್ಲ!" ಎಂದು ಕಿರುಚಿದೆ.

ಮಂಜಿನೊಳಗಿಂದ, ಎಡಗಡೆಯಿಂದ, ನಿಧಾನವಾಗಿ ಕನ್ನಡ ಬಂತು.

"ಯಾರಮ್ಮ ತಾಯಿ ಅದು? ಬಿಡಮ್ಮ ಸಾಕು. ಮಗು ಅದು, ಏನೋ ಮಾಡಿರತ್ತೆ. ಹೆತ್ತವಳನ್ನ ಯಾಕೆ ಅಂತೀಯ?"

ಸಣ್ಣದೊಂದು ಹನುಮಂತನ ಗುಡಿಯ ಕಟ್ಟೆಗೆ ಒರಗಿ ಮಾವ ಕೂತಿದ್ದರು. ಕಾಲು ಉಳುಕಿತ್ತು, ಪಂಚೆ ಮೊಣಕಾಲಿನವರೆಗೂ ಒದ್ದೆ. ದಾರಿಯ ಹನುಮಂತರೆಲ್ಲ ಹಚ್ಚಿ ಕಳಿಸಿದ ಸಿಂಧೂರ ಹಣೆ ತುಂಬಿ ಮೂಗಿಗೆ ಇಳಿದಿತ್ತು. ತಾಳಿಯ ಗಂಟನ್ನು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು. ನಾನು "ಮಾವಾ" ಎಂದೆ, ಅವರಿಗೆ ನನ್ನ ಗುರುತಿಲ್ಲ. ಪೊರೆಗಣ್ಣಿಗೆ ಕೆಂಪು ಸೀರೆಯ ಆಕಾರವೊಂದೇ ಕಂಡಿರಬೇಕು. ತಡವರಿಸಿಕೊಂಡು ಅಜ್ಜಿಯ ಪಾದ ಮುಟ್ಟಿದರು. "ನಿಮ್ಮ ಧ್ವನಿ ಕೇಳದೇ ಇದ್ರೆ ನಾನು ನೀರಿನ ಕಡೆ ಇಳೀತಿದ್ದೆ ತಾಯಿ. ಆ ಕಡೆಯಿಂದ ಯಾರೋ ಕರೆದ ಹಾಗಾಯ್ತು" ಎಂದರು. ಕೂಗಿದ್ದು ಇವನು ಎಂದು ಹೇಳಲು ಅಜ್ಜಿಗೆ ಧ್ವನಿ ಇರಲಿಲ್ಲ ನಿಜ, ನನ್ನ ಕಡೆ ಬೆರಳು ತೋರಿಸಲು ಕೈ ಇತ್ತು. ತೋರಿಸಲಿಲ್ಲ. ಆ ನಮಸ್ಕಾರವನ್ನು ಪೂರ್ತಿ ತಾವೇ ಇಟ್ಟುಕೊಂಡರು.

ಮದುವೆ ನಡೆಯಿತು. ಮಾವ ಕುಂಟುತ್ತಲೇ ಅಕ್ಕನನ್ನು ಮಂಟಪಕ್ಕೆ ಕರೆತಂದರು. ಅಮ್ಮ ರೇಷ್ಮೆ ಶಾಲು ಹಿಡಿದುಕೊಂಡು ಕೆಳಗೆ ಹೋದರೆ ಅಜ್ಜಿ ಅದನ್ನು ತಿರುಗಿಸಿ ನೋಡಿ, ಪಿಸುಗುಟ್ಟಿದರು: "ಬಣ್ಣ ಬಿಡತ್ತೆ." ಅಮ್ಮ ಮೇಲೆ ಬಂದು ಬಾಗಿಲು ಹಾಕಿಕೊಂಡು ಅವರಿಗೆ ಶಾಪ ಹಾಕಿದಳು. ಎಲ್ಲ ಮೊದಲಿನಂತೆಯೇ ಇತ್ತು.

ಧ್ವನಿಯೊಂದು ಮಾತ್ರ ಹಿಂದಿರುಗಲಿಲ್ಲ. ನಶ್ಯದಿಂದ ಒಣಗಿದ್ದ ಗಂಟಲು, ಚಳಿಗೆ ಒಡೆದುಹೋಯಿತು ಎಂದರು ವೈದ್ಯರು. ಅಜ್ಜಿಯ ಲೆಕ್ಕ ಬೇರೆ. "ಬರಿಗೈಲಿ ಬಿಡ್ತಾಳಾ ಕಿರಿಯಳು? ನಿನ್ನ ಮಾವನ ಬದಲಿಗೆ ನನ್ನ ಗಂಟಲು ತಗೊಂಡಳು. ನಷ್ಟ ನನಗೆ. ಆ ಮುದುಕ ನನ್ನ ಧ್ವನಿಯ ಬೆಲೆ ಬಾಳ್ತಾನಾ?" ನಾನೂ ಬಿಡಲಿಲ್ಲ. "ಗಲ್ಲಿಯವರೆಲ್ಲ ಸೇರಿ ಆ ಕಿರಿಯಳಿಗೊಂದು ಸೀರೆ ಉಡಿಸ್ತಾರಂತೆ ಅಜ್ಜಿ" ಎಂದೆ. ಕೋಲು ಬಿತ್ತು. ಕೋಲಿಗೆ ಏನೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ಅವರು ಯಾರನ್ನಾದರೂ ಬೈಯಬೇಕಾದಾಗ ಕೋಲಿನಿಂದ ತಮ್ಮ ಮನೆಯ ಸೂರು ಕುಟ್ಟುತ್ತಿದ್ದರು. ನಾನು ಮಹಡಿ ಇಳಿದು ಹೋಗಿ ಅವರ ಪರವಾಗಿ ಬೈಯುತ್ತಿದ್ದೆ. ಅವರು ಕಿವಿಯಲ್ಲಿ ಹೇಳುವುದು, ನಾನು ಅವರ ಧ್ವನಿಯಲ್ಲಿ ಹೊರಗೆ ಹಾಕುವುದು. ಹಾಲಿಗೆ ನೀರು ಬೆರೆಸಿದವನಿಗೆ, ಗಲ್ಲಿಯಲ್ಲಿ ಅಡ್ಡ ಮಲಗಿದ ಗೂಳಿಗೆ, ಹಲವು ಸಲ ನಮ್ಮಮ್ಮನಿಗೂ. ಚಳಿಗಾಲದ ಸಂಜೆ ಕಥೆಗಳನ್ನೂ ಹೀಗೇ ಹೇಳಿದೆವು. ಒಂದು ಮಾತು ಸೇರಿಸಿದರೂ ತೊಡೆ ಚಿವುಟುತ್ತಿದ್ದರು. ಕದಿಯುವಾಗ ಎಷ್ಟು ಸುಖವಿತ್ತೋ ಅವರ ಅಪ್ಪಣೆಯಿಂದ ಮಾಡುವಾಗ ಅಷ್ಟೇ ಹಿಂಸೆ. ನನ್ನನ್ನು ಪಳಗಿಸಲು ಅವರು ಕಂಡುಹಿಡಿದ ದಾರಿ ಇದೇ ಇರಬೇಕೆಂದು ನನಗೆ ಈಗಲೂ ಗುಮಾನಿ.

ಕೆಲವು ವರ್ಷ ಕಳೆದು, ಚಳಿ ಬಿಟ್ಟು ಪಡುವಣ ಧೂಳುಗಾಳಿ ಏಳುವ ಹೊತ್ತಿಗೆ ಅವರು ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಕೋಣೆಯ ತುಂಬ ಜನ. ವೈದ್ಯರು, ಅಮ್ಮ, ಗಲ್ಲಿಯ ಹೆಂಗಸರು, ಬಾಗಿಲಲ್ಲಿ ಮಕ್ಕಳು. ಅಜ್ಜಿ ಬೆರಳು ಆಡಿಸಿ ನನ್ನನ್ನು ಕರೆದರು. ಬಗ್ಗಿ ಕಿವಿ ಕೊಟ್ಟೆ.

"ಭಯ ಆಗ್ತಿದೆ ಕಣೋ" ಎಂದರು.

"ಏನಂದ್ರು? ಏನಂತೆ?" ಎಂದು ಎಲ್ಲರೂ ಕೇಳಿದರು. ಅವರ ಧ್ವನಿಯಲ್ಲಿ ನಾನು ಹೇಳದ ಮಾತಿರಲಿಲ್ಲ. ಈ ಒಂದು ಮಾತನ್ನು ಮಾತ್ರ ಆ ಧ್ವನಿ ನನಗೆಂದೂ ಕಲಿಸಿರಲಿಲ್ಲ. ಗಂಟಲು ಸರಿಮಾಡಿಕೊಂಡು ಹೊಟ್ಟೆಯಿಂದ ಕೂಗಿದೆ: "ಗೂಬೆಗಳ ಹಾಗೆ ಏನು ನೋಡ್ತಾ ನಿಂತಿದ್ದೀರೇ? ಸಾಯೋಳು ನಾನು, ಕೆಲಸ ಇಲ್ಲದೋರು ನೀವು! ಹೋಗಿ, ಒಲೆ ಮೇಲೆ ಇಟ್ಟಿದ್ದು ಸೀದುಹೋಗತ್ತೆ!"

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ಕಣ್ಣೊರೆಸಿಕೊಂಡಳು. "ಅಜ್ಜಿ ಗಟ್ಟಿಯಾಗೇ ಇದ್ದಾರೆ ಬಿಡಿ" ಎಂದು ಯಾರೋ ಅಂದರು. ಒಬ್ಬೊಬ್ಬರಾಗಿ ಹೊರಗೆ ಹೋದರು. ಕೋಣೆ ಖಾಲಿಯಾದ ಮೇಲೆ ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ನನಗೆ ಯಾರ ಧ್ವನಿಯೂ ತೋಚಲಿಲ್ಲ. ಕೊನೆಗೆ ನನ್ನದರಲ್ಲೇ, ಎಲ್ಲಕ್ಕಿಂತ ಕಳಪೆಯಾದ ಆ ಒಡಕು ದನಿಯಲ್ಲೇ, "ನಾನಿದ್ದೀನಿ ಅಜ್ಜಿ" ಎಂದೆ.

ಅದು ಅವರಿಗೆ ಹಿಡಿಸಲಿಲ್ಲ. ಮುಖ ಸಿಂಡರಿಸಿ ಗೋಡೆಯ ಕಡೆ ತಿರುಗಿದರು. ಕೈ ಮಾತ್ರ ಬಿಡಲಿಲ್ಲ; ಮರುದಿನ ಬೆಳಿಗ್ಗೆ ಅಮ್ಮ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.